ಹಳೇ ಕಾರಿನ ಹೆಡ್‌ಲೈಟ್: ಎಲ್‌ಇಡಿ ಹಾಕಿಸೋ ಮೊದಲು ಇದನ್ನೊಮ್ಮೆ ಕೇಳಿ

ಇವತ್ತಿನ ಸಂಚಿಕೆ ಹಳೇ ಕಾರಿನ ಹೆಡ್‌ಲೈಟ್ ಬಗ್ಗೆ.

ನಮ್ಮಲ್ಲಿ ತುಂಬಾ ಜನರ ಮೊದಲ ಕಾರು ಶೋರೂಮ್‌ನಿಂದ ಬಂದದ್ದಲ್ಲ. ಅಪ್ಪ ಹತ್ತು ವರ್ಷ ಓಡಿಸಿ ಕೊಟ್ಟದ್ದು, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ, ಹಳೇ ಸ್ವಿಫ್ಟ್. ಹಗಲಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಊರಿಗೆ ಹೊರಟಾಗ, ನಾಲ್ಕು ಪಥದ ಹೆದ್ದಾರಿ ಬಿಟ್ಟು ಊರಿನ ಕಡೆಯ ಎರಡು ಪಥದ ರಸ್ತೆಗೆ ತಿರುಗಿದ ಕೂಡಲೇ ಗೊತ್ತಾಗುತ್ತೆ, ಮುಂದೆ ಏನೂ ಸರಿಯಾಗಿ ಕಾಣ್ತಾ ಇಲ್ಲ ಅಂತ. ಹೆಡ್‌ಲೈಟ್ ಹಳದಿ ಹಳದಿಯಾಗಿ, ಚಿಮಣಿ ದೀಪದ ಥರ ಉರೀತಾ ಇರುತ್ತೆ. ಎದುರಿಂದ ಬರೋ ಹೊಸ ಕಾರುಗಳದ್ದು ಮಾತ್ರ ಬೆಳ್ಳಗೆ ಕಣ್ಣಿಗೆ ಚುಚ್ಚುತ್ತೆ.

ಆಗ ಎಲ್ಲರಿಗೂ ಹೊಳೆಯೋ ಉಪಾಯ ಒಂದೇ: ಒಂದು ಜೊತೆ ಎಲ್‌ಇಡಿ ಬಲ್ಬ್ ತರಿಸಿ ಹಾಕಿಬಿಡೋಣ. ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ, ಹಾಕೋಕೆ ಹತ್ತು ನಿಮಿಷ ಸಾಕು. ಸ್ವಲ್ಪ ತಡೀರಿ. ಹಳೇ ಕಾರಿನ ಬೆಳಕು ಖಂಡಿತ ಸುಧಾರಿಸಬಹುದು, ಅದೂ ಕಡಿಮೆ ಖರ್ಚಲ್ಲಿ. ಆದರೆ ಅದಕ್ಕೊಂದು ಕ್ರಮ ಇದೆ. ಬಲ್ಬ್ ಬದಲಾಯಿಸೋದು ಆ ಕ್ರಮದಲ್ಲಿ ಕೊನೆಗೆ ಬರುತ್ತೆ.

ಮೊದಲು ಒಂದು ಲೆಕ್ಕ

ಗಂಟೆಗೆ 80 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 22 ಮೀಟರ್. ರಸ್ತೇಲಿ ಏನೋ ಕಂಡು, ಅದು ಏನು ಅಂತ ಗೊತ್ತಾಗಿ, ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದೂವರೆ ಸೆಕೆಂಡ್ ಅಂತಿಟ್ಕೊಳ್ಳಿ. ಅಷ್ಟರಲ್ಲೇ ಕಾರು 33 ಮೀಟರ್ ಮುಂದೆ ಹೋಗಿರುತ್ತೆ. ಒಣ ರಸ್ತೆ, ಒಳ್ಳೆ ಟೈರು ಇದ್ದರೆ ಅಲ್ಲಿಂದ ನಿಲ್ಲೋಕೆ ಇನ್ನೂ 35 ಮೀಟರ್ ಬೇಕು. ಒಟ್ಟು 68 ಮೀಟರ್. 60ರ ವೇಗದಲ್ಲಿ ಇದೇ ಲೆಕ್ಕ ಮಾಡಿದರೆ 45 ಮೀಟರ್. 100ರಲ್ಲಿ 97 ಮೀಟರ್. ಮಳೆ ಬಂದಿದ್ದರೆ ಎಲ್ಲವೂ ಇನ್ನೂ ಹೆಚ್ಚು.

ಈಗ ಲೋ ಬೀಮ್ ಎಷ್ಟು ದೂರ ಹೋಗುತ್ತೆ ನೋಡಿ. ಸಣ್ಣ ಕಾರಿನ ಹೆಡ್‌ಲೈಟ್ ನೆಲದಿಂದ ಸುಮಾರು 65 ಸೆಂಟಿಮೀಟರ್ ಎತ್ತರದಲ್ಲಿರುತ್ತೆ. ಲೋ ಬೀಮ್‌ನ ಮೇಲಿನ ಅಂಚು ನೂರಕ್ಕೆ ಒಂದರಷ್ಟು ಕೆಳಕ್ಕೆ ಬಾಗಿರುತ್ತೆ, ಅಂದ್ರೆ 10 ಮೀಟರ್ ಮುಂದೆ ಹೋದರೆ 10 ಸೆಂಟಿಮೀಟರ್ ಇಳಿಯುತ್ತೆ. ಹಾಗಾಗಿ 55ರಿಂದ 65 ಮೀಟರ್ ದೂರದಲ್ಲಿ ಆ ಬೆಳಕು ನೆಲ ಮುಟ್ಟುತ್ತೆ. ಎಡಬದಿಯಲ್ಲಿ ಸ್ವಲ್ಪ ಹೆಚ್ಚು ದೂರ ಹೋಗುತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಹೆಡ್‌ಲೈಟ್ ಹೊಸದಾಗಿ, ಸರಿಯಾಗಿದ್ದರೂ ಲೋ ಬೀಮ್‌ನಲ್ಲಿ 80ರ ವೇಗ ಅಂದ್ರೆ ಕಾಣೋ ದೂರಕ್ಕಿಂತ ನಿಲ್ಲೋ ದೂರ ಜಾಸ್ತಿ. ಇನ್ನು ಮಂಕಾದ ಹಳೇ ಹೆಡ್‌ಲೈಟ್ ಅಂದ್ರೆ ಕೇಳೋದೇ ಬೇಡ. ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕಪ್ಪು ಎಮ್ಮೆ, ಗದ್ದೆಯಿಂದ ಮನೆಗೆ ನಡೆದು ಹೋಗ್ತಿರೋ ಮನುಷ್ಯ, ಇವರೆಲ್ಲ ಕಾಣೋ ಹೊತ್ತಿಗೆ ಬ್ರೇಕ್ ಹಿಡಿಯೋ ಸಮಯ ಮುಗಿದಿರುತ್ತೆ. ಹೆಡ್‌ಲೈಟ್ ರಿಪೇರಿ ಅನ್ನೋದು ಕಾರಿನ ಅಂದ ಚೆಂದದ ವಿಷಯ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಹೆಡ್‌ಲೈಟ್ ಒಳಗೆ ಏನಿದೆ?

ಇಂಥ ಹಳೇ ಸಣ್ಣ ಕಾರುಗಳಲ್ಲಿ ಬಹುಪಾಲು ಎಚ್4 ಅನ್ನೋ ಹ್ಯಾಲೊಜೆನ್ ಬಲ್ಬ್ ಇರುತ್ತೆ. ನಿಮ್ಮದರಲ್ಲಿ ಯಾವುದು ಅಂತ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತೆ. ಎಚ್4 ಮೇಲೆ 60/55 ವ್ಯಾಟ್ ಅಂತ ಬರೆದಿರುತ್ತೆ. ಅಂದ್ರೆ ಒಂದೇ ಬಲ್ಬ್‌ನಲ್ಲಿ ಎರಡು ಫಿಲಮೆಂಟ್. ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55.

ಲೋ ಬೀಮ್ ಫಿಲಮೆಂಟ್‌ನ ಕೆಳಗೆ ಚಮಚದಂಥ ಒಂದು ಸಣ್ಣ ಲೋಹದ ಬಟ್ಟಲು ಇದೆ. ಬಲ್ಬ್ ಕೈಗೆ ತಗೊಂಡು ನೋಡಿದರೆ ಕಾಣುತ್ತೆ. ಬೆಳಕು ಕೆಳಗಿನ ಅರ್ಧಕ್ಕೆ ಬೀಳದ ಹಾಗೆ ಅದು ತಡೆಯುತ್ತೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ಮಾತ್ರ ಪ್ರತಿಫಲಿಸಿ ಕೆಳಮುಖವಾಗಿ ರಸ್ತೆ ಮೇಲೆ ಬೀಳುತ್ತೆ. ಅದರಿಂದಲೇ ಲೋ ಬೀಮ್‌ಗೆ ಒಂದು ಗೆರೆ ಎಳೆದಂಥ ಅಂಚು ಬರೋದು. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಆ ಬಟ್ಟಲಿನ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಮಾಡಿರ್ತಾರೆ. ಅದರಿಂದ ಎಡಗಡೆ ಬೆಳಕು ಸ್ವಲ್ಪ ಮೇಲಕ್ಕೇಳುತ್ತೆ. ನಾವು ಎಡಕ್ಕೆ ಓಡಿಸೋರು ಅಲ್ವಾ? ರಸ್ತೆಯ ಎಡ ಅಂಚು, ಬೋರ್ಡು, ನಡೆದು ಹೋಗೋರು ದೂರದಿಂದ ಕಾಣಲಿ, ಬಲಗಡೆ ಎದುರು ಬರೋರ ಕಣ್ಣಿಗೆ ಹೊಡೆಯದಿರಲಿ ಅನ್ನೋದು ಉದ್ದೇಶ.

ಇದೆಲ್ಲ ನಿಂತಿರೋದು ಐದಾರು ಮಿಲಿಮೀಟರ್ ಉದ್ದದ ಫಿಲಮೆಂಟ್ ಸರಿಯಾದ ಜಾಗದಲ್ಲಿ ಇರೋದರ ಮೇಲೆ. ಒಂದು ಮಿಲಿಮೀಟರ್ ಆಚೀಚೆ ಆದರೂ ರಸ್ತೆ ಮೇಲೆ ಬೆಳಕಿನ ಆಕಾರ ಕೆಡುತ್ತೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಎಲ್‌ಇಡಿ ವಿಷಯ ಬಂದಾಗ ಬೇಕಾಗುತ್ತೆ.

ಹೆಜ್ಜೆ ಒಂದು: ಗ್ಲಾಸ್

ಗ್ಲಾಸ್ ಅಂತ ಅಂತೀವಿ, ಆದರೆ ಅಂಬಾಸಿಡರ್, ಪದ್ಮಿನಿ ಕಾಲದ ದುಂಡು ಲೈಟ್‌ಗಳಂತೆ ಈಗಿನದು ನಿಜವಾದ ಗಾಜಲ್ಲ. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲಿನಿಂದ ಕಾಪಾಡೋ ತೆಳು ಲೇಪನ ಇರುತ್ತೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಆ ಲೇಪನ ಹೋದ ಮೇಲೆ ಪ್ಲಾಸ್ಟಿಕ್ ಹಳದಿಯಾಗಿ, ಮಬ್ಬಾಗಿ, ಒರಟಾಗುತ್ತೆ. ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಇಂಥ ಹಳೇ ಹೆಡ್‌ಲೈಟ್‌ಗಳನ್ನ ಪರೀಕ್ಷೆ ಮಾಡಿಸಿತ್ತು. ಮಬ್ಬಾದವು ಹೊಸದರ ಐದನೇ ಒಂದು ಭಾಗದಷ್ಟು ಬೆಳಕು ಮಾತ್ರ ಕೊಡ್ತಿದ್ದವು. ಇಂಥ ಗ್ಲಾಸ್ ಹಿಂದೆ ಎಷ್ಟು ದುಬಾರಿ ಬಲ್ಬ್ ಹಾಕಿದರೂ ಮಂಜಿನೊಳಗಿಂದ ಟಾರ್ಚ್ ಬಿಟ್ಟಂಗೇ.

ಪರಿಹಾರ ಇದೆ. ನೀರು ಹಾಕ್ಕೊಂಡು ಮೊದಲು 800 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 1000, 2000, ಕೊನೆಗೆ 3000, ಹೀಗೆ ನಯ ಮಾಡ್ತಾ ಹೋಗಬೇಕು. ಸುತ್ತ ಪೇಂಟ್‌ಗೆ ಗೀರು ಬೀಳದ ಹಾಗೆ ಮಾಸ್ಕಿಂಗ್ ಟೇಪ್ ಹಚ್ಚಿ. ನಂತರ ಪಾಲಿಷ್, ಕೊನೆಗೆ ಯುವಿ ಕ್ಲಿಯರ್ ಕೋಟ್. ಈ ಕೊನೆಯ ಹೆಜ್ಜೆಯನ್ನೇ ತುಂಬಾ ಕಡೆ ಬಿಟ್ಟುಬಿಡ್ತಾರೆ. ರೀಲ್ಸ್‌ನಲ್ಲಿ ಟೂತ್‌ಪೇಸ್ಟ್ ಉಜ್ಜಿ ಫಳಫಳ ಮಾಡಿ ತೋರಿಸ್ತಾರಲ್ಲ, ಅದರಲ್ಲೂ ಇದೇ ಸಮಸ್ಯೆ. ಆ ದಿನ ಚೆನ್ನಾಗಿ ಕಾಣುತ್ತೆ. ಆದರೆ ಉಳಿದಿದ್ದ ಅಲ್ಪಸ್ವಲ್ಪ ಲೇಪನವೂ ಹೋಗಿ, ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತೆ. ಕಾರ್ ಡೀಟೇಲಿಂಗ್ ಅಂಗಡಿಯಲ್ಲಿ ಮಾಡಿಸೋದಾದರೆ ಒಂದೇ ಪ್ರಶ್ನೆ ಕೇಳಿ: ಯುವಿ ಕೋಟ್ ಹಾಕ್ತೀರಾ?

ಒಳಗೆ ನೀರು ಹೋಗಿ ರಿಫ್ಲೆಕ್ಟರ್‌ನ ಬೆಳ್ಳಿ ಲೇಪನ ಕಪ್ಪಾಗಿದ್ದರೆ ಅಥವಾ ಸಿಪ್ಪೆ ಎದ್ದಿದ್ದರೆ ಮೇಲಿನ ಪಾಲಿಷ್‌ನಿಂದ ಏನೂ ಆಗಲ್ಲ. ಇಡೀ ಹೆಡ್‌ಲ್ಯಾಂಪ್ ಬದಲಾಯಿಸಬೇಕು. ಕಂಪನಿಯದ್ದೇ ತಗೊಳ್ಳಿ, ಅಥವಾ ಕಾರು ಕಂಪನಿಗಳಿಗೆ ಲೈಟ್ ಸರಬರಾಜು ಮಾಡೋ ತಯಾರಕರದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನೋಡೋಕೆ ತದ್ವತ್ ಅದರಂತೇ ಇರೋ ಅಗ್ಗದ ನಕಲುಗಳೂ ಸಿಗುತ್ತವೆ. ಹೊರಗಿನ ರೂಪ ಒಂದೇ, ಒಳಗಿನ ರಿಫ್ಲೆಕ್ಟರ್‌ನ ಆಕಾರ ಒಂದೇ ಅಲ್ಲ. ಇನ್ನೊಂದು ಎಚ್ಚರಿಕೆ. ವಿದೇಶದಿಂದ ತರಿಸೋ ಹೆಡ್‌ಲ್ಯಾಂಪ್ ಬಲಗಡೆ ಓಡಿಸೋ ದೇಶದ್ದಾಗಿದ್ದರೆ ಬೆಳಕು ಏಳೋದು ಬಲಗಡೆಗೆ. ಅಂದ್ರೆ ನೇರ ಎದುರು ಬರೋರ ಕಣ್ಣಿಗೆ.

ಹೆಜ್ಜೆ ಎರಡು: ಬಲ್ಬ್‌ಗೆ ತಲುಪೋ ಕರೆಂಟ್

ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲದ ವಿಷಯ, ಹಳೇ ಕಾರಲ್ಲಿ ಅತಿ ಹೆಚ್ಚು ಲಾಭ ಕೊಡೋದೂ ಇದೇ.

ಹ್ಯಾಲೊಜೆನ್ ಬಲ್ಬ್‌ಗೆ ಒಂದು ಗುಣ ಇದೆ. ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ತುಂಬಾ ಇಳಿಯುತ್ತೆ. 13.2 ವೋಲ್ಟ್ ಸಿಕ್ಕಾಗ ಎಚ್4 ಬಲ್ಬ್‌ನ ಲೋ ಬೀಮ್ ಸುಮಾರು 1000 ಲ್ಯೂಮೆನ್ ಕೊಡಬೇಕು ಅನ್ನೋದು ಅಂತರರಾಷ್ಟ್ರೀಯ ಮಾನದಂಡ. ಅದೇ ಬಲ್ಬ್‌ಗೆ 12 ವೋಲ್ಟ್ ಮಾತ್ರ ತಲುಪಿದರೆ ಬೆಳಕು ಸುಮಾರು 720ಕ್ಕೆ ಬೀಳುತ್ತೆ. ವೋಲ್ಟೇಜ್ ಕಮ್ಮಿಯಾದದ್ದು ನೂರಕ್ಕೆ ಒಂಬತ್ತು, ಬೆಳಕು ಕಮ್ಮಿಯಾದದ್ದು ನೂರಕ್ಕೆ ಇಪ್ಪತ್ತೆಂಟು. ಬಣ್ಣವೂ ಹಳದಿಗೆ ತಿರುಗುತ್ತೆ. ನಿಮ್ಮ ಲೈಟ್ ಚಿಮಣಿ ಥರ ಕಾಣೋಕೆ ಇದೂ ಒಂದು ಕಾರಣ ಇರಬಹುದು.

ವೋಲ್ಟೇಜ್ ಎಲ್ಲಿ ಹೋಯ್ತು? ಎರಡು ಲೈಟ್ ಸೇರಿ ಸುಮಾರು 9 ಆಂಪಿಯರ್ ಕರೆಂಟ್ ಎಳೀತವೆ. ತುಂಬಾ ಹಳೇ ಕಾರುಗಳಲ್ಲಿ ಈ ಕರೆಂಟ್ ಅಷ್ಟೂ ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡ್ ಒಳಗೆ ಸುತ್ತಿ, ಸ್ಟೀರಿಂಗ್ ಪಕ್ಕದ ಸ್ವಿಚ್ ಒಳಗೆ ಹಾದು, ತೆಳು ವೈರ್‌ನಲ್ಲಿ ಮುಂದಕ್ಕೆ ಬರುತ್ತೆ. ಹದಿನೈದು ವರ್ಷದ ಸ್ವಿಚ್, ತುಕ್ಕು ಹಿಡಿದ ಕನೆಕ್ಟರ್, ಸಡಿಲ ಅರ್ಥಿಂಗ್, ಒಂದೊಂದೂ ತನ್ನ ಪಾಲು ತಿಂದುಕೊಳ್ಳುತ್ತೆ. ಊರಿಗೆ ಬಿಟ್ಟ ಕಾಲುವೆ ನೀರು ಕೊನೇ ಹೊಲಕ್ಕೆ ತಲುಪೋ ಹೊತ್ತಿಗೆ ಎಷ್ಟು ಉಳಿಯುತ್ತೋ ಅಷ್ಟು.

ಪರೀಕ್ಷೆ ಮಾಡೋದು ಸುಲಭ. ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ. ಬ್ಯಾಟರಿ ತುದಿಗಳಲ್ಲಿ ಎಷ್ಟು ವೋಲ್ಟ್ ಇದೆ ನೋಡಿ. ಬಲ್ಬ್ ಉರೀತಿರುವಾಗಲೇ ಅದರ ಕನೆಕ್ಟರ್ ಹಿಂಭಾಗದಲ್ಲಿ ಎಷ್ಟಿದೆ ನೋಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸರಿಪಡಿಸೋ ಅಗತ್ಯ ಇದೆ. ಬ್ಯಾಟರಿಯಲ್ಲೇ 13 ವೋಲ್ಟ್‌ಗಿಂತ ಕಮ್ಮಿ ತೋರಿಸ್ತಿದ್ದರೆ ಸಮಸ್ಯೆ ಲೈಟ್‌ನದ್ದಲ್ಲ, ಆಲ್ಟರ್ನೇಟರ್ ಕಡೆಯದ್ದು.

ಇದಕ್ಕೆ ಪರಿಹಾರ ರಿಲೇ ವೈರಿಂಗ್. ರಿಲೇ ಅಂದ್ರೆ ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಪುಟ್ಟ ಡಬ್ಬಿ. ಬ್ಯಾಟರಿಯಿಂದ ದಪ್ಪ ವೈರ್ ನೇರ ರಿಲೇಗೆ, ಅಲ್ಲಿಂದ ಬಲ್ಬ್‌ಗೆ. ಹಳೇ ಸ್ವಿಚ್‌ಗೆ ಇನ್ಮೇಲೆ ರಿಲೇಯನ್ನ ಎಬ್ಬಿಸೋದಷ್ಟೇ ಕೆಲಸ. ಲೋ ಬೀಮ್‌ಗೆ ಒಂದು, ಹೈ ಬೀಮ್‌ಗೆ ಒಂದು, ಹೀಗೆ ಎರಡು ರಿಲೇ ಇರೋ ರೆಡಿಮೇಡ್ ಹಾರ್ನೆಸ್ ಅಂಗಡಿಯಲ್ಲಿ ಸಿಗುತ್ತೆ. ಸೆರಾಮಿಕ್ ಹೋಲ್ಡರ್ ಇರೋದನ್ನೇ ಆರಿಸಿ, ಬಿಸಿಗೆ ಕರಗಲ್ಲ.

ಹಾಕಿಸುವಾಗ ಮೂರು ವಿಷಯ ನೋಡ್ಕೊಳ್ಳಿ. ಒಂದು, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲೇ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ದಪ್ಪ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಕಾರಿಗೆ ಬೆಂಕಿ ಬೀಳಬಹುದು. ಎರಡು, ಹಳೇ ವೈರ್ ಕತ್ತರಿಸಿ ಟೇಪ್ ಸುತ್ತೋದು ಬೇಡ, ಕನೆಕ್ಟರ್‌ನಿಂದ ಕನೆಕ್ಟರ್‌ಗೆ ಸೇರಿಸೋ ಹಾರ್ನೆಸ್ ತಗೊಳ್ಳಿ. ಮೂರು, ಜಪಾನಿ ಮೂಲದ ಕೆಲವು ಕಾರುಗಳಲ್ಲಿ ಸ್ವಿಚ್ ಪಾಸಿಟಿವ್ ಕಡೆ ಇರದೆ ನೆಗೆಟಿವ್ ಕಡೆ ಇರುತ್ತೆ. ಹಾಗಾಗಿ ಕಾರಿನ ಮಾಡೆಲ್, ವರ್ಷ ಹೇಳಿಯೇ ಹಾರ್ನೆಸ್ ತಗೊಳ್ಳಿ, ಗೊತ್ತಿರೋ ಆಟೋ ಎಲೆಕ್ಟ್ರೀಷಿಯನ್ ಕೈಲಿ ಹಾಕಿಸಿ.

ಹೆಜ್ಜೆ ಮೂರು: ಗೋಡೆ ಮತ್ತು ಟೇಪ್

ಈ ಹೆಜ್ಜೆಗೆ ಖರ್ಚೇ ಇಲ್ಲ. ಬೆಳಕು ಎಷ್ಟಿದ್ದರೂ ತಪ್ಪು ದಿಕ್ಕಿಗೆ ನೋಡ್ತಿದ್ದರೆ ಏನು ಪ್ರಯೋಜನ? ಬಂಪರ್‌ಗೆ ಸಣ್ಣದಾಗಿ ತಾಗಿ ರಿಪೇರಿಯಾದ ಕಾರು, ಹಿಂದಿನ ಸ್ಪ್ರಿಂಗ್ ಸೋತ ಕಾರು, ಹೆಡ್‌ಲ್ಯಾಂಪ್ ಬಿಚ್ಚಿ ಹಾಕಿದ ಕಾರು, ಇವುಗಳಲ್ಲಿ ಗುರಿ ತಪ್ಪಿರೋ ಸಾಧ್ಯತೆ ಹೆಚ್ಚು.

ಸಮತಟ್ಟು ನೆಲ ಮತ್ತು ಒಂದು ಗೋಡೆ ಹುಡುಕಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಚೆನ್ನಾಗಿರುತ್ತೆ. ಟೈರ್‌ನಲ್ಲಿ ಗಾಳಿ ಸರಿಯಾಗಿರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡ್‌ನಲ್ಲಿ 0, 1, 2, 3 ಅಂತ ಬರೆದ ಹೆಡ್‌ಲೈಟ್ ಲೆವೆಲರ್ ಇದ್ದರೆ 0ಯಲ್ಲಿಡಿ. ಕಾರನ್ನ ಗೋಡೆಗೆ ತೀರಾ ಹತ್ತಿರ ತಂದು, ಎರಡೂ ಲೈಟ್‌ನ ನಡುಬಿಂದು ಗೋಡೆ ಮೇಲೆ ಎಲ್ಲಿ ಬೀಳುತ್ತೋ ಅಲ್ಲಿ ಟೇಪ್ ಅಂಟಿಸಿ. ಈಗ ನೇರವಾಗಿ 5 ಮೀಟರ್ ಹಿಂದಕ್ಕೆ ಹೋಗಿ ಲೋ ಬೀಮ್ ಹಾಕಿ. ಬೆಳಕಿನ ಸಮತಟ್ಟಾದ ಅಂಚು ಟೇಪ್‌ಗಿಂತ 5ರಿಂದ 6 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಮೇಲಕ್ಕೇಳೋ ಓರೆ ಗೆರೆ ಲೈಟ್‌ನ ನಡುಬಿಂದುವಿನ ಹತ್ತಿರ ಶುರುವಾಗಬೇಕು. ಸರಿ ಇಲ್ಲದಿದ್ದರೆ ಹೆಡ್‌ಲ್ಯಾಂಪ್ ಹಿಂದೆ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ.

ಇಷ್ಟು ಸಣ್ಣ ಅಳತೆಗೆ ಯಾಕೆ ತಲೆ ಕೆಡಿಸ್ಕೊಳ್ಳಬೇಕು ಅಂದ್ರಾ? ಗೋಡೆ ಮೇಲೆ 6 ಸೆಂಟಿಮೀಟರ್ ಬದಲು 10 ಸೆಂಟಿಮೀಟರ್ ಕೆಳಗಿದ್ದರೆ, ರಸ್ತೆ ಮೇಲೆ ಬೆಳಕಿನ ದೂರ 54 ಮೀಟರ್‌ನಿಂದ 32 ಮೀಟರ್‌ಗೆ ಇಳಿಯುತ್ತೆ. ನಾಲ್ಕು ಸೆಂಟಿಮೀಟರ್‌ಗೆ ಇಪ್ಪತ್ತೆರಡು ಮೀಟರ್. ಅಂಚು ಟೇಪ್‌ನ ಮಟ್ಟಕ್ಕೇ ಇದ್ದರೆ ಎದುರಿನವರ ಕಣ್ಣಿಗೆ ಹೊಡೀತೀರಿ. ಇನ್ನು ಹಿಂದಿನ ಸೀಟಲ್ಲಿ ಮೂವರು, ಡಿಕ್ಕಿ ತುಂಬಾ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬ್ಕೊಂಡು ಊರಿಂದ ವಾಪಸ್ ಬರುವಾಗ ಕಾರಿನ ಮೂತಿ ಮೇಲಕ್ಕೇಳುತ್ತೆ. ಆ ಲೆವೆಲರ್ ತಿರುಗಿಸೋಕೆ ಇರೋದೇ ಆಗ.

ಹೆಜ್ಜೆ ನಾಲ್ಕು: ಬಲ್ಬ್

ಈಗ ಬಲ್ಬ್‌ಗೆ ಬರೋಣ. ಹ್ಯಾಲೊಜೆನ್ ಬಲ್ಬ್ ವರ್ಷಗಳಾದಂತೆ ಮಂಕಾಗುತ್ತೆ. ಹೆಸರುವಾಸಿ ಕಂಪನಿಯ, 60/55 ವ್ಯಾಟ್‌ನ, ವೃತ್ತದೊಳಗೆ ಇ ಮತ್ತು ಒಂದು ಸಂಖ್ಯೆ ಇರೋ ಗುರುತಿನ ಸಾಮಾನ್ಯ ಬಲ್ಬ್ ಒಂದು ಜೊತೆ ಹಾಕಿದರೂ ವ್ಯತ್ಯಾಸ ಕಾಣುತ್ತೆ. ಎರಡನ್ನೂ ಒಟ್ಟಿಗೇ ಬದಲಾಯಿಸಿ. ಗಾಜಿನ ಭಾಗವನ್ನ ಬರಿಗೈಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಜಿಡ್ಡು ಅಂಟಿದ ಕಡೆ ಬಿಸಿ ಹೆಚ್ಚಾಗಿ ಬಲ್ಬ್ ಬೇಗ ಹೋಗುತ್ತೆ.

ಡಬ್ಬಿ ಮೇಲೆ ಶೇಕಡ 100 ಹೆಚ್ಚು, 130 ಹೆಚ್ಚು ಬೆಳಕು ಅಂತ ಬರೆದಿರೋ ಬಲ್ಬ್‌ಗಳೂ ಇವೆ. ಒಳ್ಳೆ ಕಂಪನಿಯದ್ದಾದರೆ ಇವು ಮೋಸ ಅಲ್ಲ, ಆದರೆ ಅರ್ಥ ಬೇರೆ. ಒಟ್ಟು ಬೆಳಕಿಗೆ ಮಾನದಂಡದಲ್ಲೇ ಮಿತಿ ಇದೆ, ಅದು ದುಪ್ಪಟ್ಟಾಗಲ್ಲ. ಫಿಲಮೆಂಟನ್ನ ಇನ್ನೂ ಬಿಗಿಯಾಗಿ ಸುತ್ತಿ, ರಸ್ತೆಯ ದೂರದ ಕೆಲವು ಭಾಗಕ್ಕೆ ಹೆಚ್ಚು ಬೆಳಕು ಬೀಳೋ ಹಾಗೆ ಮಾಡಿರ್ತಾರೆ. ರಾತ್ರಿ ಪ್ರಯಾಣಕ್ಕೆ ಅದು ಒಳ್ಳೇದೇ. ಆದರೆ ಆಯಸ್ಸು ಕಮ್ಮಿ. ನೀಲಿ ಬಣ್ಣದ ಗಾಜಿನ, 5000 ಕೆಲ್ವಿನ್ ಅಂತ ಬರೆದಿರೋ ಹ್ಯಾಲೊಜೆನ್ ಮಾತ್ರ ಬೇಡ. ಆ ನೀಲಿ ಲೇಪನ ಇರೋ ಬೆಳಕನ್ನೇ ಸೋಸಿ ಕಮ್ಮಿ ಮಾಡುತ್ತೆ. ನೋಡೋಕೆ ಬಿಳಿ, ರಸ್ತೆಗೆ ನಷ್ಟ.

ಅಂಗಡಿಯವರು 100/90 ವ್ಯಾಟ್ ಬಲ್ಬ್ ತೋರಿಸಿ ಇದು ಸಖತ್ ಪವರ್ ಅಂತಾರೆ. ಹಳೇ ವೈರಿಂಗ್‌ಗೆ ಅದು ವಿಷ. ಹೋಲ್ಡರ್ ಕರಗುತ್ತೆ, ರಿಫ್ಲೆಕ್ಟರ್ ಸುಡುತ್ತೆ, ರಸ್ತೇಲಿ ಹಾಕೋಕೆ ಕಾನೂನಿನ ಒಪ್ಪಿಗೆಯೂ ಇಲ್ಲ.

ಹಾಗಾದ್ರೆ ಎಲ್‌ಇಡಿ ಯಾಕೆ ಬೇಡ?

ಎಲ್‌ಇಡಿ ಕೆಟ್ಟದ್ದಲ್ಲ. ಹೊಸ ಕಾರುಗಳಲ್ಲಿ ಕಂಪನಿಯೇ ಕೊಡೋ ಎಲ್‌ಇಡಿ ಹೆಡ್‌ಲ್ಯಾಂಪ್‌ನಲ್ಲಿ ರಿಫ್ಲೆಕ್ಟರ್, ಲೆನ್ಸ್ ಎಲ್ಲವೂ ಆ ಎಲ್‌ಇಡಿಗಾಗಿಯೇ ಲೆಕ್ಕ ಹಾಕಿ ಮಾಡಿದ್ದು. ಸಮಸ್ಯೆ ಇರೋದು ಹ್ಯಾಲೊಜೆನ್‌ಗಾಗಿ ಮಾಡಿದ ಬಟ್ಟಲಿಗೆ ಎಲ್‌ಇಡಿ ಬಲ್ಬ್ ತುರುಕಿದಾಗ. ಆಗಲೇ ಹೇಳಿದ್ನಲ್ಲ, ಒಂದು ಮಿಲಿಮೀಟರ್ ಲೆಕ್ಕ? ಫಿಲಮೆಂಟ್ ಒಂದು ಸಣ್ಣ ಸುರುಳಿ, ಸುತ್ತಲೂ ಬೆಳಕು ಕೊಡುತ್ತೆ. ಎಲ್‌ಇಡಿ ಬಲ್ಬ್‌ನಲ್ಲಿ ಒಂದು ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರ್ತಾರೆ. ಬೆಳಕು ಹೊರಡೋ ಜಾಗ, ದಿಕ್ಕು ಎರಡೂ ಬೇರೆ. ರಿಫ್ಲೆಕ್ಟರ್‌ಗೆ ಅದು ಗೊತ್ತಿಲ್ಲ. ತನಗೆ ಬಿದ್ದ ಬೆಳಕನ್ನ ಎಲ್ಲೆಲ್ಲಿಗೋ ಎಸೆಯುತ್ತೆ. ಗೆರೆ ಎಳೆದಂತಿದ್ದ ಅಂಚು ಹರಡಿಹೋಗುತ್ತೆ.

ಆದರೂ ಹಾಕಿಸ್ಕೊಂಡವರು ಸೂಪರ್ ಇದೆ ಅಂತಾರಲ್ಲ? ಅವರು ಸುಳ್ಳು ಹೇಳ್ತಿಲ್ಲ. ಕಾರಿನ ಮುಂದಿನ ಹತ್ತು-ಹದಿನೈದು ಮೀಟರ್ ಫಳಫಳ ಅಂತ ಬೆಳಗುತ್ತೆ, ಅಂಗಡಿ ಮುಂದೆ ನಿಂತು ನೋಡಿದಾಗ ಖುಷಿಯಾಗುತ್ತೆ. ಆದರೆ ಹತ್ತಿರದಲ್ಲಿ ಅಷ್ಟು ಬೆಳಕಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತೆ, 60 ಮೀಟರ್ ಆಚೆಯ ಮಬ್ಬು ವಸ್ತು ಇನ್ನೂ ಕಾಣಲ್ಲ. ಬೇಕಾಗಿದ್ದದ್ದು ದೂರದ ನೋಟ, ಸಿಕ್ಕಿದ್ದು ಬಂಪರ್ ಮುಂದಿನ ಹೊಳಪು. ಅದರ ಜೊತೆಗೆ ಬಲ್ಬ್ ಹಿಂದಿನ ಫ್ಯಾನ್‌ಗೆ ಜಾಗ ಸಾಲದೆ ರಬ್ಬರ್ ಮುಚ್ಚಳ ತೆಗೆದುಬಿಡ್ತಾರೆ. ಮೊದಲ ಮಳೆಗಾಲದಲ್ಲೇ ಒಳಗೆ ನೀರು, ದೂಳು ಸೇರುತ್ತೆ.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬದಲಿ ಬಲ್ಬ್‌ಗಳಿಗೆ ರಸ್ತೇಲಿ ಬಳಸೋಕೆ ಅನುಮತಿ ಸಿಕ್ಕಿದೆ. ಆದರೆ ಹೇಗೆ? ಯಾವ ಬಲ್ಬ್, ಯಾವ ಕಾರಿನ ಯಾವ ಹೆಡ್‌ಲ್ಯಾಂಪ್‌ನಲ್ಲಿ ಅಂತ ಪರೀಕ್ಷೆ ಮಾಡಿ, ಪಟ್ಟಿ ಮಾಡಿ ಕೊಟ್ಟಿದ್ದಾರೆ. ಪಟ್ಟಿಯಲ್ಲಿಲ್ಲದ ಕಾರಿಗೆ ಹಾಕೋ ಹಾಗಿಲ್ಲ. ಆನ್‌ಲೈನ್‌ನಲ್ಲಿ ಎಲ್ಲಾ ಕಾರಿಗೂ ಸೂಟ್ ಆಗುತ್ತೆ ಅಂತ ಬರೆದಿರೋ ಬಲ್ಬ್ ಹಿಂದೆ ಅಂಥ ಪರೀಕ್ಷೆ ಯಾವುದೂ ಇರಲ್ಲ.

ಇನ್ನು ಎದುರಿಂದ ಬರೋರ ಕಡೆಯಿಂದ ಯೋಚಿಸಿ. ಗೀರು ಬಿದ್ದ ಹೆಲ್ಮೆಟ್ ಗಾಜಿನ ಹಿಂದೆ ಒಬ್ಬ ಬೈಕ್ ಸವಾರ, ಹಿಂದೆ ಹೆಂಡತಿ, ಮುಂದೆ ಟ್ಯಾಂಕ್ ಮೇಲೆ ಮಗು. ನಿಮ್ಮ ಬೆಳಕು ಕಣ್ಣಿಗೆ ಹೊಡೆದು ಮೂರು ಸೆಕೆಂಡ್ ಏನೂ ಕಾಣಲಿಲ್ಲ ಅಂದ್ರೆ, 60ರ ವೇಗದಲ್ಲಿ ಅವನು 50 ಮೀಟರ್ ಕುರುಡಾಗಿ ಬರ್ತಾನೆ. ಯಾರ ಕಡೆಗೆ? ನಿಮ್ಮ ಕಡೆಗೇ. ಅಥವಾ ನಿಮ್ಮಿಬ್ಬರ ನಡುವೆ ರಸ್ತೆ ಬದಿ ನಡೀತಿರೋ ಇನ್ಯಾರದೋ ಕಡೆಗೆ. ನಿಮಗೂ ಕಾಣಬೇಕು, ಅವನಿಗೂ ಕಾಣಬೇಕು. ಎರಡರಲ್ಲಿ ಒಂದು ತಪ್ಪಿದರೂ ಇಬ್ಬರಿಗೂ ಅಪಾಯ.

ಹಳೇ ಲಾರಿ, ಬಸ್ಸುಗಳ ಹೆಡ್‌ಲೈಟ್‌ನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರ್ತಿದ್ದದ್ದು ನಿಮ್ಮ ಮನೇಲಿ ದೊಡ್ಡವರಿಗೆ ನೆನಪಿರುತ್ತೆ. ಎದುರಿನವರ ಕಣ್ಣು ಕುಕ್ಕಬಾರದು ಅನ್ನೋದೇ ಅದರ ಉದ್ದೇಶ.

ಬೆಳಕು ಇನ್ನೂ ಬೇಕೇಬೇಕು ಅನ್ನೋರು ನಿಮ್ಮ ಕಾರಿನ ಟಾಪ್ ವೇರಿಯಂಟ್‌ಗೆ ಕಂಪನಿಯೇ ಪ್ರೊಜೆಕ್ಟರ್ ಹೆಡ್‌ಲ್ಯಾಂಪ್ ಕೊಟ್ಟಿತ್ತಾ ಅಂತ ವಿಚಾರಿಸಿ. ಅದೇ ಮಾಡೆಲ್‌ನ ಕಂಪನಿ ಹೆಡ್‌ಲ್ಯಾಂಪ್ ಆದ್ದರಿಂದ ಬೆಳಕಿನ ಲೆಕ್ಕ ತಪ್ಪಲ್ಲ. ಹೆಡ್‌ಲ್ಯಾಂಪ್ ಕತ್ತರಿಸಿ ಹೊರಗಿನ ಪ್ರೊಜೆಕ್ಟರ್ ಕೂರಿಸೋದು, ಎಚ್‌ಐಡಿ ಕಿಟ್ ಹಾಕೋದು ಬೇರೆ ಮಾತು. ಅದು ವಾಹನದ ಮಾರ್ಪಾಡು ಆಗುತ್ತೆ.

ಕಾನೂನು ಏನು ಹೇಳುತ್ತೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಅಂತ ಒಂದಿದೆ. ಲೈಟ್‌ನಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ವ್ಯಕ್ತಿಗೆ ಕಣ್ಣು ಕುಕ್ಕದ ಹಾಗೆ ಬೆಳಕು ಕೆಳಕ್ಕೆ ಬಾಗಿರಬೇಕು ಅನ್ನುತ್ತೆ ಅದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳ ಬಗ್ಗೆ. 2019ರ ತಿದ್ದುಪಡಿ ಪ್ರಕಾರ, ಒಪ್ಪಿಗೆ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕೋ ಎಲ್‌ಇಡಿ ಲೈಟ್‌ಗಳ ಮೇಲೆ ಕೇಸ್ ಹಾಕೋ ಕಾರ್ಯಾಚರಣೆಯನ್ನೂ ಶುರು ಮಾಡಿದ್ರು.

ಘಾಟಿ, ಮಳೆ, ಮಂಜು

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಹತ್ತೋರಿಗೆ ಒಂದು ಮಾತು. ಮಂಜಲ್ಲಿ ಹೈ ಬೀಮ್ ಹಾಕಿದರೆ ಆ ಬೆಳಕೆಲ್ಲ ನೀರಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ, ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ. ಲೋ ಬೀಮ್ ಇರಲಿ. ಫಾಗ್ ಲ್ಯಾಂಪ್ ಕೆಲಸ ಮಾಡೋದು ಅದು ಕೆಳಗಿರೋದರಿಂದ, ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಬೀಳೋದರಿಂದ. ಅದನ್ನ ಮೇಲಕ್ಕೆ ತಿರುಗಿಸಿದರೆ ಆ ಉಪಯೋಗವೇ ಹೋಯ್ತು. ಮಂಜಿಲ್ಲದ ರಾತ್ರಿ ಅದನ್ನ ಆಫ್ ಮಾಡಿಡಿ.

ಲೈಟ್ ಅಲ್ಲದ ಕೆಲವು ಸಂಗತಿ

ಮುಂದಿನ ಗಾಜನ್ನ ಒಳಗಡೆಯಿಂದ ಕೊನೇ ಸಲ ಒರೆಸಿದ್ದು ಯಾವಾಗ? ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಏಳೋ ಆವಿ ಗಾಜಿನ ಒಳಗೆ ಎಣ್ಣೆಯಂಥ ಪೊರೆ ಕಟ್ಟುತ್ತೆ. ಹಗಲಲ್ಲಿ ಗೊತ್ತಾಗಲ್ಲ, ರಾತ್ರಿ ಎದುರಿನ ಲೈಟ್ ಬಿದ್ದಾಗ ಇಡೀ ಗಾಜು ಹೊಳೆಯುತ್ತೆ. ಒಂದು ಶುಭ್ರ ಬಟ್ಟೆ, ಗ್ಲಾಸ್ ಕ್ಲೀನರ್ ಸಾಕು. ವೈಪರ್ ರಬ್ಬರ್ ಗಟ್ಟಿಯಾಗಿದ್ದರೆ ಬದಲಾಯಿಸಿ. ಡ್ಯಾಶ್‌ಬೋರ್ಡ್ ಲೈಟ್, ಮೊಬೈಲ್ ಮ್ಯಾಪ್‌ನ ಬ್ರೈಟ್‌ನೆಸ್ ತಗ್ಗಿಸಿ.

ನೈಟ್ ಡ್ರೈವಿಂಗ್ ಗ್ಲಾಸ್ ಅಂತ ಹಳದಿ ಕನ್ನಡಕ ಮಾರ್ತಾರೆ. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಅದರಿಂದ ರಾತ್ರಿ ಪಾದಚಾರಿಗಳನ್ನ ಗುರುತಿಸೋದು ಸುಧಾರಿಸಲಿಲ್ಲ ಅಂತ ಕಂಡುಬಂತು. ಇರೋ ಬೆಳಕನ್ನೇ ಕಮ್ಮಿ ಮಾಡೋ ಕನ್ನಡಕ ಹೇಗೆ ಸಹಾಯ ಮಾಡೀತು? ಆ ದುಡ್ಡಲ್ಲಿ ಕಣ್ಣು ಪರೀಕ್ಷೆ ಮಾಡಿಸಿ. ಅಪ್ಪ ಈಗಲೂ ರಾತ್ರಿ ಕಾರು ಓಡಿಸ್ತಾರೆ ಅಂದ್ರೆ ಅವರಿಗಂತೂ ಮಾಡಿಸಲೇಬೇಕು. 60 ವರ್ಷದವರ ಕಣ್ಣಿನ ಹಿಂಪರದೆಗೆ ತಲುಪೋ ಬೆಳಕು 20ರ ಹರೆಯದವರಿಗೆ ತಲುಪೋದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಇನ್ನೂ ಕಾಣುತ್ತಲ್ಲ ಅಂತ ನಿಮಗನಿಸಿದ ರಸ್ತೆ ಅವರಿಗೆ ಕತ್ತಲೆಯೇ ಆಗಿರಬಹುದು.

ಕೊನೆಗೆ, ವೇಗ

ಇಷ್ಟೆಲ್ಲ ಮಾಡಿದ ಮೇಲೂ ಶುರುವಲ್ಲಿ ಹೇಳಿದ ಲೆಕ್ಕ ಬದಲಾಗಲ್ಲ. ಲೋ ಬೀಮ್‌ನ ದೂರ 60 ಮೀಟರ್ ಆಸುಪಾಸು ಅಷ್ಟೇ. ಎದುರು ಯಾರೂ ಇಲ್ಲದಾಗ ಹೈ ಬೀಮ್ ಧಾರಾಳವಾಗಿ ಬಳಸಿ, ಅದಿರೋದೇ ಅದಕ್ಕೆ. ಎದುರು ಲೈಟ್ ಕಂಡ ಕೂಡಲೇ ಇಳಿಸಿ. ಅವನು ಇಳಿಸಲಿಲ್ಲ ಅಂತ ನೀವೂ ಹೈ ಬೀಮ್ ಹಿಡಿದರೆ ರಸ್ತೇಲಿ ಕಣ್ಣು ಕಾಣದೋರು ಒಬ್ಬರ ಬದಲು ಇಬ್ಬರಾದ್ರು. ವೇಗ ಇಳಿಸಿ, ನೋಟ ರಸ್ತೆಯ ಎಡ ಅಂಚಿನ ಬಿಳಿ ಗೆರೆ ಮೇಲಿರಲಿ. ದೀಪವಿಲ್ಲದ ಎರಡು ಪಥದ ರಸ್ತೇಲಿ, ಲೋ ಬೀಮ್‌ನಲ್ಲಿ, 60 ದಾಟಬೇಡಿ. ನೂರು ಕಿಲೋಮೀಟರ್ ದೂರಕ್ಕೆ 80ರ ಬದಲು 60ರಲ್ಲಿ ಹೋದರೆ ಊರು ಸೇರೋದು ಇಪ್ಪತ್ತೈದು ನಿಮಿಷ ತಡ. ಅಷ್ಟೇ.

ಈ ಶನಿವಾರ ಗಾಜು ಒರೆಸಿ, ಗೋಡೆ ಮುಂದೆ ಕಾರು ನಿಲ್ಲಿಸಿ ಟೇಪ್ ಅಂಟಿಸಿ ನೋಡಿ. ಇವೆರಡಕ್ಕೂ ದುಡ್ಡು ಬೇಡ. ಆಮೇಲೆ ಹೆಡ್‌ಲೈಟ್ ಪಾಲಿಷ್, ವೋಲ್ಟೇಜ್ ಚೆಕ್, ಬೇಕಿದ್ದರೆ ರಿಲೇ. ಬಲ್ಬ್ ಕೊನೆಗೆ. ರಿಲೇ ಹಾಕಿಸಿದ ಮೇಲೆ ಅದೇ ಹಳೇ ಬಲ್ಬ್ ಬೆಳ್ಳಗೆ ಉರಿಯೋದು ನೋಡಿ ಹೊಸದು ತರೋ ಯೋಚನೆಯನ್ನೇ ಬಿಟ್ಟರೂ ಬಿಟ್ಟೀರಿ.

ಹಳೇ ಕಾರಲ್ಲಿ ರಾತ್ರಿ ಊರಿಗೆ ಹೋಗೋ ಗೆಳೆಯರು ನಿಮಗಿದ್ದರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ, ಹೊರಡೋ ಮೊದಲು ಕೇಳಲಿ.